ಹಿತ್ತಲಿನ ಮಡಿಗೆ ಯಾವ ಶತಾವರಿ?

ಬೆಟಗೇರಿಯ ನಮ್ಮ ಮನೆಯ ಹಿತ್ತಲಿನಲ್ಲಿ, ಪೂರ್ವದ ಗೋಡೆಗೆ ಹೊಂದಿಕೊಂಡು 12 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿಯಿದೆ. ಅಲ್ಲಿದ್ದ ನುಗ್ಗೆಯ ಮರ ಈ ವರ್ಷದ ಅಡ್ಡಮಳೆಯ ಗಾಳಿಗೆ ಉರುಳಿತು. ಮೆಂತ್ಯ, ಹಕ್ಕರಿಕೆ, ರಾಜಗಿರಿ, ಪುಂಡಿಪಲ್ಲೆಗಳಿಗೆ ಬೇರೆ ಮಡಿಗಳಿವೆ. ಬದನೆಗೂ ಚವಳಿಗೂ ಜಾಗವಿದೆ. ಆದ್ದರಿಂದ ತೆರವಾದ ಈ ಮಡಿಯಲ್ಲಿ ಒಮ್ಮೆ ನೆಟ್ಟರೆ ಹಲವು ವರ್ಷ ನಿಲ್ಲುವಂಥ ಸಸ್ಯವೇ ಇರಲೆಂದು ಮನಸ್ಸು ಮಾಡಿದೆ. ಅಂಥ ತರಕಾರಿಗಳು ಬಹಳ ಇಲ್ಲ. ಇರುವ ಕೆಲವುಗಳಲ್ಲಿ ಆಸ್ಪರಾಗಸ್ ಒಂದು. ಆದರೆ ಆಸ್ಪರಾಗಸ್ ಎಂದೊಡನೆ ಮಾತು ಮುಗಿಯುವುದಿಲ್ಲ, ಯಾವ ಆಸ್ಪರಾಗಸ್ ಎಂಬಲ್ಲಿ ಅದು ಆರಂಭವಾಗುತ್ತದೆ. ಕ್ಯಾಲಿಫೋರ್ನಿಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಜಾತಿಯನ್ನು ಹೇಳಿದರೆ, ಮುಂಡರಗಿಯಲ್ಲಿರುವ ನನ್ನ ತಂಗಿ ಇನ್ನೊಂದನ್ನು ಹೇಳಿದಳು. ಇಬ್ಬರೂ ಈ ಪುಟಗಳನ್ನು ಓದುವವರೇ ಆದುದರಿಂದ ನಾನು ಮಾಡಿದ ಆಯ್ಕೆಯನ್ನೂ ಅದರ ಕಾರಣಗಳನ್ನೂ ವಿವರವಾಗಿಯೇ ಬರೆಯುತ್ತೇನೆ.

ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ನನ್ನಿಂದ ಜೀವಶಾಸ್ತ್ರ ಕಲಿತವರಿಗೆ ಈ ಸಸ್ಯ ಹೊಸದಲ್ಲ. ಕಾಂಡದ ರೂಪಾಂತರಗಳನ್ನು ಹೇಳುವಾಗ ಪಾಪಾಸುಕಳ್ಳಿಯ ಹಾಳೆಯನ್ನೂ ಶತಾವರಿಯ ಟೊಂಗೆಯನ್ನೂ ಮೇಜಿನ ಮೇಲಿಟ್ಟು, "ಇದರಲ್ಲಿ ಎಲೆ ಎಲ್ಲಿದೆ ತೋರಿಸಿ" ಎಂದು ಕೇಳುತ್ತಿದ್ದೆ. ನೀವೆಲ್ಲ ಆ ಸೂಜಿಯಂಥ ಹಸಿರು ಎಳೆಗಳನ್ನೇ ತೋರಿಸುತ್ತಿದ್ದಿರಿ. ಅವು ಎಲೆಗಳಲ್ಲ, ಎಲೆಯ ಕೆಲಸ ಮಾಡುವ ಕಿರುಕಾಂಡಗಳು, ಕ್ಲ್ಯಾಡೋಡ್‌ಗಳು. ನಿಜವಾದ ಎಲೆ ಒಣಗಿದ ಸಣ್ಣ ಹೊಪ್ಪಳೆಯಾಗಿಯೋ ಮುಳ್ಳಾಗಿಯೋ ಬುಡದಲ್ಲಿ ಅಡಗಿರುತ್ತದೆ. ಆಗ ಅದನ್ನು ಲಿಲಿಯ ಕುಟುಂಬಕ್ಕೆ ಸೇರಿಸಿ ಕಲಿಸಿದ್ದೆ. ಈಗ ಸಸ್ಯವಿಜ್ಞಾನಿಗಳು ಆಸ್ಪರಾಗಸ್ಸಿನ ಹೆಸರಿನಲ್ಲೇ ಒಂದು ಪ್ರತ್ಯೇಕ ಕುಟುಂಬವನ್ನು ಒಪ್ಪಿದ್ದಾರೆ. ಹಳೆಯ ಟಿಪ್ಪಣಿ ಪುಸ್ತಕ ಇಟ್ಟುಕೊಂಡವರಿದ್ದರೆ ತಿದ್ದಿಕೊಳ್ಳಬಹುದು.

ಮೊದಲು ಕ್ಯಾಲಿಫೋರ್ನಿಯದ ಸಲಹೆಯನ್ನು ನೋಡೋಣ. ಅಲ್ಲಿಯವರು ತರಕಾರಿಯಾಗಿ ತಿನ್ನುವುದು ಆಸ್ಪರಾಗಸ್ ಅಫಿಸಿನಾಲಿಸ್ ಎಂಬ ಪ್ರಭೇದವನ್ನು. ಅದರ ಬೇರಿನ ಗಡ್ಡೆಯಿಂದ ನೆಲ ಸೀಳಿಕೊಂಡು ಬರುವ ಎಳೆಯ ಮೊಳಕೆಯೇ ಆಹಾರ. ಬೆರಳಿನ ಗಾತ್ರದ ಆ ಮೊಳಕೆಯನ್ನು ಗೇಣುದ್ದ ಬೆಳೆದಾಗ ಕೊಯ್ಯುತ್ತಾರೆ. ತಳಿಗಳು ಅನೇಕ. ಮೇರಿ ವಾಷಿಂಗ್ಟನ್ ಎಂಬುದು ಅಮೆರಿಕದ ಕೃಷಿ ಇಲಾಖೆ 20ನೆಯ ಶತಮಾನದ ಆರಂಭದಲ್ಲಿ ತುಕ್ಕುರೋಗವನ್ನು ತಡೆಯಬಲ್ಲಂತೆ ಬೆಳೆಸಿದ ಹಳೆಯ ತಳಿ. ಅದರ ಬೀಜವನ್ನು ನಾವೇ ಕಟ್ಟಿಟ್ಟುಕೊಂಡು ಮತ್ತೆ ಬಿತ್ತಬಹುದು. ನೇರಳೆ ಬಣ್ಣದ ಪರ್ಪಲ್ ಪ್ಯಾಶನ್ ಸಿಹಿಯಾಗಿ, ನಾರು ಕಡಿಮೆಯಾಗಿ ಇರುತ್ತದೆ. ಬೇಯಿಸಿದರೆ ಆ ಬಣ್ಣ ಮಾಯವಾಗಿ ಹಸಿರೇ ಉಳಿಯುತ್ತದೆ. ಜರ್ಮನಿಯವರು ಮೆಚ್ಚುವ ಬಿಳಿಯದು ಬೇರೆ ತಳಿಯೇ ಆಗಬೇಕೆಂದಿಲ್ಲ. ಮೊಳಕೆ ಬೆಳಕು ಕಾಣದಂತೆ ಮಣ್ಣು ಏರಿಸಿದರೆ ಹಸಿರು ತಳಿಯೂ ಬಿಳಿಯಾಗಿಯೇ ಬರುತ್ತದೆ. ಇಟ್ಟಿಗೆಯ ಕೆಳಗಿನ ಹುಲ್ಲು ಬಿಳಿಚಿಕೊಳ್ಳುವ ಪ್ರಯೋಗವನ್ನು ಎಂಟನೆಯ ತರಗತಿಯಲ್ಲಿ ಮಾಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಜರ್ಸಿ ತಳಿಗಳ ಕಥೆ ಮಾತ್ರ ಸ್ವಾರಸ್ಯವಾದುದು. ಈ ಪ್ರಭೇದದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡ ತನ್ನ ಶಕ್ತಿಯನ್ನು ಹಣ್ಣು ಬೀಜಗಳಿಗೆ ವ್ಯಯಿಸುವುದರಿಂದ ಒಟ್ಟು ಇಳುವರಿ ಗಂಡು ಗಿಡದಲ್ಲಿ ಹೆಚ್ಚು. ಆದರೆ ಬರೀ ಗಂಡು ಗಿಡಗಳನ್ನೇ ಕೊಡುವ ಬೀಜವನ್ನು ಪಡೆಯುವುದು ಹೇಗೆ? ಕೆಲವು ಗಂಡು ಗಿಡಗಳಲ್ಲಿ ಅಪರೂಪಕ್ಕೆ ದ್ವಿಲಿಂಗ ಹೂ ಬಿಟ್ಟು ತಾನಾಗಿ ಕಾಯಿ ಕಟ್ಟುತ್ತದೆ. ಆ ಬೀಜಗಳಲ್ಲಿ ಎರಡು ವೈ ವರ್ಣತಂತುಗಳುಳ್ಳ ಗಿಡಗಳೂ ಹುಟ್ಟುತ್ತವೆ. ಅಂಥ ಗಂಡನ್ನು ಹೆಣ್ಣಿನೊಡನೆ ಸಂಕರಿಸಿದರೆ ಹುಟ್ಟುವ ಮಕ್ಕಳೆಲ್ಲ ಗಂಡೇ. ಹತ್ತನೆಯ ತರಗತಿಯಲ್ಲಿ ಲಿಂಗ ನಿರ್ಧಾರದ ಚೌಕ ಬರೆಯುವಾಗ ಈ ಉದಾಹರಣೆ ಆಗ ನನ್ನ ಬಳಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಈಗಲೂ ಅನಿಸುತ್ತದೆ.

ಆದರೆ ಸ್ವಾರಸ್ಯಕ್ಕಾಗಿ ಗಿಡ ನೆಡುವುದಕ್ಕೆ ಆಗುವುದಿಲ್ಲ. ಜರ್ಸಿ ತಳಿಗಳು ಹಿಮ ಬೀಳುವ ನಾಡಿನವು. ಚಳಿಗಾಲದಲ್ಲಿ ಗಿಡ ಒಣಗಿ, ಬೇರು ನೆಲದೊಳಗೆ ನಿದ್ರಿಸಿ, ವಸಂತದಲ್ಲಿ ಕೂಡಿಟ್ಟ ಸಕ್ಕರೆಯ ಬಲದಿಂದ ಒಮ್ಮೆಲೇ ಮೊಳಕೆ ಒಡೆಯುವುದು ಅವುಗಳ ಕ್ರಮ. ಗದುಗಿನಲ್ಲಿ ಆ ಚಳಿ ಎಲ್ಲಿಂದ ತರುವುದು? ವಿದ್ಯಾರ್ಥಿಯ ಉತ್ತರ ಸಿದ್ಧವಾಗಿತ್ತು. ಅವನು ಹೇಳಿದ ತಳಿ ಯುಸಿ 157. ಕ್ಯಾಲಿಫೋರ್ನಿಯದಲ್ಲೇ ಹುಟ್ಟಿದ, ಬೆಚ್ಚನೆಯ ಹವೆಗೆ ಹೊಂದುವ ತಳಿಯಿದು. ಮಳೆಯೇ ಇಲ್ಲವೆನ್ನಬಹುದಾದ ಪೆರು ದೇಶದ ಕರಾವಳಿಯ ಮರಳುಗಾಡಿನಲ್ಲಿ ಇದನ್ನೇ ವಿಶೇಷವಾಗಿ ಬೆಳೆದಿದ್ದಾರೆ. ಅಲ್ಲಿಯ ರೈತರು ಚಳಿಗೆ ಬದಲು ನೀರನ್ನು ಹಿಡಿದು ಗಿಡವನ್ನು ಮಲಗಿಸುತ್ತಾರೆ. ಒಣಗಿದ ಟೊಂಗೆ ಕತ್ತರಿಸಿ ಮತ್ತೆ ನೀರು ಬಿಟ್ಟರೆ ಎಚ್ಚರಗೊಳ್ಳುತ್ತದೆ. ಹೀಗೆ ವರ್ಷಕ್ಕೆ ಎರಡು ಬೆಳೆ ತೆಗೆಯುವುದೂ ಉಂಟು. "ಮೇಡಂ, ನೀರು ನಿಲ್ಲಿಸೋದು ನಮ್ಮ ಗದಗಿನವರಿಗೆ ಕಲಿಸಬೇಕೇನ್ರಿ?" ಎಂದು ಅವನು ನಕ್ಕ. ನಳದ ನೀರಿಗೆ ದಿನಗಳನ್ನು ಎಣಿಸಿದವರಿಗೆ ಆ ನಗೆಯ ಅರ್ಥ ಗೊತ್ತು.

ಬೀಜವನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುತ್ತೇನೆಂದೂ ಹೇಳಿದ. ಬೇಡವೆಂದೆ. ಹೊರದೇಶದ ಬೀಜ ಬರಬೇಕಾದರೆ ಆಮದು ಪರವಾನಗಿ, ಸಸ್ಯ ಆರೋಗ್ಯದ ಪ್ರಮಾಣಪತ್ರಗಳು ಬೇಕು. 2003ರ ಸಸ್ಯ ಸಂಗರೋಧ ಆದೇಶ ಹಾಗೆ ವಿಧಿಸುತ್ತದೆ, ಅದು ವಿಧಿಸಿರುವುದು ಸರಿಯಾಗಿಯೇ ಇದೆ. ನಮ್ಮ ಹೊಲಗಳನ್ನು ಆವರಿಸಿದ ಪಾರ್ಥೇನಿಯಂ ಕಳೆಯೂ ಹೊರಗಿನಿಂದ ಬಂದದ್ದೇ. ಇಲ್ಲಿ ನಾನು ವಿಚಾರಿಸಿದ ಬೀಜದ ಅಂಗಡಿಗಳಲ್ಲಿ ದೊರೆತದ್ದು ಮೇರಿ ವಾಷಿಂಗ್ಟನ್ ಒಂದೇ.

ಸಸಿಯಾಗಿಯೇ ಸಿಕ್ಕೀತೆಂದು ಒಂದು ನರ್ಸರಿಗೂ ಹೋಗಿದ್ದೆ. "ಶತಾವರಿ ಅದ ಬರ್ರಿ" ಎಂದು ಕರೆದೊಯ್ದು ತೋರಿಸಿದ್ದು ಹೂಗುಚ್ಛಗಳಲ್ಲಿ ಗುಲಾಬಿಯ ಹಿಂದೆ ಇಡುವ ಆಸ್ಪರಾಗಸ್ ಸೆಟೇಸಿಯಸ್ ಅನ್ನು. ಅದರ ಟೊಂಗೆ ಜರಿಗಿಡದ ಎಲೆಯಂತೆ ಚಪ್ಪಟೆಯಾಗಿ ಹರಡಿರುತ್ತದೆ, ನೋಡಲು ಬಲು ಸೊಗಸು. ಇನ್ನೊಂದು ಕುಂಡದಲ್ಲಿದ್ದ ಸ್ಪ್ರೆಂಗೇರಿಯನ್ನೂ ಅದೇ ಹೆಸರಿನಿಂದ ಮಾರುತ್ತಿದ್ದರು. ಇದು ಹೆಚ್ಚು ಮೋಸದ್ದು. ಬೇರಿನಲ್ಲಿ ನೀರು ತುಂಬಿದ ಗಡ್ಡೆಗಳಿರುವುದರಿಂದ ಕಿತ್ತು ತೋರಿಸಿದರೂ ಜನ ನಂಬಿಬಿಡುತ್ತಾರೆ. ಇವೆರಡೂ ದಕ್ಷಿಣ ಆಫ್ರಿಕದ ಕಡೆಯ ಅಲಂಕಾರದ ಗಿಡಗಳು. ಪಲ್ಲೆಗೂ ಸಲ್ಲವು, ಔಷಧಕ್ಕೂ ಸಲ್ಲವು. ಅವುಗಳ ಹಣ್ಣನ್ನು ಮಕ್ಕಳು ಬಾಯಿಗೆ ಹಾಕಿಕೊಂಡರೆ ಹೊಟ್ಟೆ ಕೆಡುತ್ತದೆ. ಹಾಗೆಂದು ಹೇಳಿ, ಕೊಳ್ಳದೆ ಬಂದೆ.

ಇನ್ನು ನಮ್ಮದೇ ಶತಾವರಿ, ಆಸ್ಪರಾಗಸ್ ರೆಸಿಮೋಸಸ್. ಮುಳ್ಳಿನ ಬಳ್ಳಿ, ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಸಣ್ಣ ಬಿಳಿಯ, ಪರಿಮಳದ ಹೂಗಳಿಂದ ತುಂಬಿಕೊಳ್ಳುತ್ತದೆ. ಬುಡವನ್ನು ಅಗೆದರೆ ನಡುವಿನ ಒಂದು ಗಂಟಿನ ಸುತ್ತ ಬೆರಳಿನಂಥ ಬಿಳಿಯ ಗಡ್ಡೆಬೇರುಗಳು ಹತ್ತಾರು ಇಳಿದಿರುತ್ತವೆ. ಸಂಸ್ಕೃತದವರು ಶತಮೂಲಿ ಎಂದದ್ದು ಅದಕ್ಕೇ. ಕನ್ನಡದ ಹೆಸರು ಇದಕ್ಕಿಂತ ಚೆನ್ನಾಗಿದೆ: ಹಲವು ಮಕ್ಕಳ ತಾಯಿ. ನಿವೃತ್ತಳಾದ ದಿನ ಒಬ್ಬ ವಿದ್ಯಾರ್ಥಿನಿ ತನ್ನ ಭಾಷಣದಲ್ಲಿ ನನ್ನನ್ನು ಈ ಬೇರಿಗೆ ಹೋಲಿಸಿದ್ದಳು. ಸಭೆಯಲ್ಲಿ ಯಾರಿಗೂ ಅರ್ಥವಾಗದೆ, ಆಮೇಲೆ ನಾನೇ ಎದ್ದು ವಿವರಿಸಬೇಕಾಯಿತು. ಇದರ ಎಳೆಯ ಕುಡಿಗಳನ್ನು ಮಹಾರಾಷ್ಟ್ರದ ಕೆಲವೆಡೆ ಮಳೆಗಾಲದಲ್ಲಿ ಪಲ್ಲೆ ಮಾಡುತ್ತಾರೆ. ನಮ್ಮ ಕಡೆ ಮಾತ್ರ ಇದನ್ನು ಬಲ್ಲುದು ಬೇರಿಗಾಗಿ, ಅದರಲ್ಲೂ ಬಾಣಂತಿಯರಿಗಾಗಿ. ಹಾಲು ಹೆಚ್ಚಲೆಂದು ಶತಾವರಿ ಕಲ್ಪವನ್ನು ಹಾಲಿನಲ್ಲಿ ಕಲಸಿ ಕೊಡುವುದು ಇಂದಿಗೂ ರೂಢಿ.

ಈ ರೂಢಿಯಿಂದಲೇ ನನಗೂ ನನ್ನ ತಂಗಿಗೂ ಎರಡು ತಿಂಗಳು ಮಾತು ನಿಂತಿತ್ತು. ಕಳೆದ ಕಾರ್ತಿಕದಲ್ಲಿ ಅವಳ ಮಗಳು ಮುಂಡರಗಿಯ ತವರಿನಲ್ಲಿ ಬಾಣಂತಿಯಾದಳು. ಮೊದಲ ವಾರ ಹಾಲು ಸಾಲಲಿಲ್ಲ. ಅಂಗಡಿಯ ಪುಡಿಯ ಮೇಲೆ ತಂಗಿಗೆ ನಂಬಿಕೆಯಿಲ್ಲ. ಕಪ್ಪತ್ತಗುಡ್ಡದ ಹಸಿ ಬೇರೇ ಆಗಬೇಕು, ನನಗೆ ಶಿರಹಟ್ಟಿ ಕಡೆಯವರು ಬಹಳ ಜನ ಪರಿಚಯ, ಆದ್ದರಿಂದ ನಾನೇ ತರಿಸಿಕೊಡಬೇಕು ಎಂದು ಹಟ ಹಿಡಿದಳು. ತರಿಸುವುದಿಲ್ಲವೆಂದೆ. "ಅಕ್ಕಾ, ನಿನಗ ಗುಡ್ಡ ದೊಡ್ಡದೋ, ನನ್ನ ಮೊಮ್ಮಗ ದೊಡ್ಡಾಂವೋ?" ಎಂದು ಕೇಳಿ ಫೋನು ಇಟ್ಟಳು.

ಗುಡ್ಡದ ವಿಷಯವನ್ನು ಹೊರಗಿನ ಊರುಗಳಲ್ಲಿರುವವರಿಗಾಗಿ ಸ್ವಲ್ಪ ಹೇಳಬೇಕು. ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳ ನಡುವೆ ಬೆನ್ನೆಲುಬಿನಂತೆ ಮಲಗಿರುವ ಕಪ್ಪತ್ತಗುಡ್ಡ ನಮ್ಮ ಬಯಲುನಾಡಿಗೆ ಇರುವ ಒಂದೇ ದೊಡ್ಡ ಕಾಡು; ಎಪ್ಪತ್ತು ಗಿರಿಗಳಿಗಿಂತ ಕಪ್ಪತ್ತಗಿರಿ ಮೇಲೆಂಬ ಅರ್ಥದ ಮಾತು ಹಿರಿಯರ ಬಾಯಲ್ಲಿತ್ತು. ಔಷಧೀಯ ಸಸ್ಯಗಳಿಗೆ ಹೆಸರಾದ ಈ ಗುಡ್ಡದೊಳಗೆ ಕಬ್ಬಿಣ, ಚಿನ್ನದ ಅದಿರೂ ಇರುವುದೇ ಅದಕ್ಕೆ ಕಂಟಕವಾಯಿತು. 2015ರ ಕೊನೆಯಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ 2016ರಲ್ಲಿ ಆ ಘೋಷಣೆಯನ್ನು ಹಿಂದೆಗೆದುಕೊಂಡಿತು. ಗದುಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಘೋಷಣೆ ಮರಳಿ ಬಂತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವಾಯಿತು. ಅಂದ ಮೇಲೆ ಅಲ್ಲಿಂದ ಅನುಮತಿಯಿಲ್ಲದೆ ಬೇರು ಅಗೆದು ತರುವುದು ಕಾನೂನಿಗೂ ವಿರುದ್ಧ.

ಆದರೆ ನನ್ನ ಹಿಂಜರಿಕೆ ಕಾನೂನಿಗಿಂತ ಬೇರಿನದು. ಎಲೆ, ಹೂ, ಹಣ್ಣು ಕೊಯ್ದರೆ ಗಿಡ ಉಳಿಯುತ್ತದೆ. ಶತಾವರಿಯನ್ನು ಗುಡ್ಡದಲ್ಲಿ ಕೀಳುವವರು ತಾಯಿಗಂಟನ್ನೂ ಕೂಡಿಯೇ ಕೀಳುತ್ತಾರೆ. ಕಲ್ಲುನೆಲದಲ್ಲಿ ಗಂಟನ್ನು ಬಿಡಿಸಿ ಮತ್ತೆ ಹೂಳುವ ವ್ಯವಧಾನ ಯಾರಿಗಿದೆ? ಒಂದು ಬಾಣಂತನಕ್ಕೆ ಒಂದು ಬಳ್ಳಿ ಪೂರ್ತಿ ಹೋಗುತ್ತದೆ. ಲಕ್ಷ್ಮೇಶ್ವರದ ಸಂತೆಯಲ್ಲಿ ಬೇರುಬಿತ್ತು ಮಾರುವ ಒಬ್ಬ ಹೆಂಗಸನ್ನು ನಾನು ಬಹಳ ವರ್ಷಗಳಿಂದ ಬಲ್ಲೆ. ಅವಳನ್ನು ಕೇಳಿದೆ. "ಮೊದಲಿನಂಗ ಸಿಗೂದಿಲ್ರಿ ಅಕ್ಕಾರ, ಈಗ ಭಾಳ ದೂರ ಹೋಗಬೇಕು. ನಾ ಬಿಟ್ರ ಮತ್ತೊಬ್ರು ಕೀಳ್ತಾರ" ಎಂದಳು. ಅವಳನ್ನು ದೂರುವ ಮನಸ್ಸು ನನಗಿಲ್ಲ. ಒಂದು ಹಿಡಿ ಬೇರಿಗೆ ಅವಳ ಕೈಗೆ ಬರುವುದೆಷ್ಟು, ಅದೇ ಬೇರು ಡಬ್ಬಿ ಸೇರಿದ ಮೇಲೆ ಅದರ ಬೆಲೆಯೆಷ್ಟು ಎಂಬುದನ್ನು ನೋಡಿದರೆ ದೂರಬೇಕಾದವರು ಬೇರೆ ಇದ್ದಾರೆ. ಬೇರು ಬೇಡ, ಬೀಜ ಸಿಕ್ಕೀತೇ ಎಂದು ಕೇಳಿದೆ. ಅವಳು ನಕ್ಕು, "ಬೀಜಕ್ಕ ಗುಡ್ಡ ಯಾಕ್ರಿ? ನಮ್ಮ ಹೊಲದ ಬೇಲ್ಯಾಗ ಎರಡು ಬಳ್ಳಿ ಅದಾವು, ಹಣ್ಣಾದಾಗ ತಂದ ಕೊಡ್ತೀನಿ" ಎಂದಳು. ಬೇರಿನ ಬೆಲೆಯನ್ನೇ ಮುಂಗಡವಾಗಿ ಕೊಟ್ಟು ಬಂದೆ. ಮಾಘದಲ್ಲಿ ಮಾತಿನಂತೆ ಒಂದು ಪೊಟ್ಟಣ ಹಣ್ಣು ತಂದುಕೊಟ್ಟಳು.

ಅಷ್ಟರಲ್ಲಿ ಮುಂಡರಗಿಯ ಮಗು ಚೆನ್ನಾಗಿ ಹಾಲು ಕುಡಿಯತೊಡಗಿತ್ತು. ಮಗುವನ್ನು ಮೇಲಿಂದ ಮೇಲೆ ಎದೆಗೆ ಹಚ್ಚಿಕೊಳ್ಳುವುದೇ ಮೊದಲ ಔಷಧವೆಂದು ಹೆರಿಗೆ ಮಾಡಿಸಿದ ವೈದ್ಯೆ ಹೇಳಿದ್ದರು. ಅದರಂತೆ ಮಾಡಿ, ಮೂರನೆಯ ವಾರಕ್ಕೆ ಚಿಂತೆ ಕಳೆದಿತ್ತು. ಶತಾವರಿಗೆ ಗುಣವಿಲ್ಲವೆಂದು ನಾನು ಹೇಳುತ್ತಿಲ್ಲ. ಆಯುರ್ವೇದದಲ್ಲಿ ಅದರ ಸ್ಥಾನ ಹಿರಿದು. ಆಧುನಿಕ ಪರೀಕ್ಷೆಗಳು ಮಾತ್ರ ಚಿಕ್ಕವು, ಕೆಲವೇ. ಬಾಣಂತಿಗೆ ಏನನ್ನೇ ಕೊಡುವುದಿದ್ದರೂ ವೈದ್ಯರನ್ನು ಕೇಳಿಯೇ ಕೊಡಿ.

ಬೀಜದ ಸಿಪ್ಪೆ ಕರಿದು, ಗಟ್ಟಿ. ಹಣ್ಣಿನ ತಿರುಳನ್ನು ತೊಳೆದು, ಒಂದು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಿಟ್ಟು, ಫಾಲ್ಗುಣದಲ್ಲಿ ಪಾಲಿಥೀನ್ ಚೀಲಗಳಲ್ಲಿ ಬಿತ್ತಿದೆ. ಸುಮಾರು 60 ಬೀಜಗಳಲ್ಲಿ 23 ಹುಟ್ಟಿದವು, ಅದೂ ತಿಂಗಳು ಕಾಯಿಸಿ. ನುಗ್ಗೆ ಬಿದ್ದಾಗ ಈ ಸಸಿಗಳು ಗೇಣುದ್ದವಾಗಿ ಬಾಗಿಲಲ್ಲಿ ಕಾಯುತ್ತಿದ್ದವು. ಅತ್ತ ಮೇರಿ ವಾಷಿಂಗ್ಟನ್ನಿನ ಪೊಟ್ಟಣವೂ ಮೇಜಿನ ಮೇಲಿತ್ತು.

ಅಫಿಸಿನಾಲಿಸ್ಸಿನ ಪರವಾಗಿ ಒಂದು ದೊಡ್ಡ ಮಾತಿದೆ: ಅದನ್ನು ತಿನ್ನಲು ಗಿಡವನ್ನು ಕೊಲ್ಲಬೇಕಿಲ್ಲ. ಮೊಳಕೆ ಕೊಯ್ದರೂ ಬೇರು ಉಳಿಯುತ್ತದೆ. ಒಂದು ಪಾತಿ 15-20 ವರ್ಷ ಬಾಳುತ್ತದೆ. ಆದರೆ ಬಿತ್ತಿದ ಮೊದಲೆರಡು ವರ್ಷ ಕೊಯ್ಯುವಂತಿಲ್ಲ, ಮೂರನೆಯ ವರ್ಷದಿಂದ ಊಟಕ್ಕೆ. ನನಗೀಗ 68. ಮೂರು ವರ್ಷ ದೊಡ್ಡದಲ್ಲ, ಆದರೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ತೊಡಕು ನಮ್ಮ ಬಿಸಿಲು. ಸೆಕೆ ಹೆಚ್ಚಿದಾಗ ಮೊಳಕೆಯ ತುದಿ ಬೇಗ ಅರಳಿ ನಾರಾಗುತ್ತದೆ. ಚೈತ್ರ ವೈಶಾಖಗಳಲ್ಲಿ ಬೆಳಿಗ್ಗೆ ಕೊಯ್ಯದಿದ್ದರೆ ಸಂಜೆಗೆ ಕಟ್ಟಿಗೆ. ಥೈಲೆಂಡ್, ತೈವಾನ್‌ಗಳಲ್ಲಿ ಪ್ರತಿ ಬುಡಕ್ಕೆ ಮೂರು ನಾಲ್ಕು ತಾಯಿಟೊಂಗೆಗಳನ್ನು ಬೆಳೆಯಲು ಬಿಟ್ಟು, ಅವು ಊಡಿಸುವ ಬಲದಿಂದ ಬರುವ ಉಳಿದ ಮೊಳಕೆಗಳನ್ನು ತಿಂಗಳುಗಟ್ಟಲೆ ಕೊಯ್ಯುವ ಪದ್ಧತಿಯಿದೆ. ಅದಕ್ಕೆ ತಪ್ಪದ ನೀರು, ಗೊಬ್ಬರ ಬೇಕು. ಎರೆಮಣ್ಣಿನಲ್ಲಿ ಮಳೆಗಾಲದ ನೀರು ನಿಂತರಂತೂ ಬೇರು ಕೊಳೆತುಹೋಗುತ್ತದೆ.

ಶತಾವರಿಯನ್ನು ಹಿತ್ತಲಲ್ಲಿ ಬೆಳೆದರೆ ಅದನ್ನೂ ಕೊಲ್ಲಬೇಕಾಗಿಲ್ಲವೆಂಬುದು ನನ್ನ ಲೆಕ್ಕ. ಎರಡು ವರ್ಷಗಳ ಹೊತ್ತಿಗೆ ಚಳಿಗಾಲದಲ್ಲಿ ಅಗೆದು, ಹೊರಗಿನ ಬೇರುಗಳನ್ನಷ್ಟೇ ಬಿಡಿಸಿಕೊಂಡು, ಮೊಗ್ಗುಳ್ಳ ತಾಯಿಗಂಟನ್ನು ಕೆಲವು ಬೇರುಗಳ ಸಮೇತ ಮತ್ತೆ ನೆಟ್ಟರೆ ಚಿಗುರುತ್ತದೆ. ಈ ಸೀಮೆಯ ಬಿಸಿಲೂ ಸುಮಾರು 600 ಮಿಲಿಮೀಟರು ಮಳೆಯೂ ಅದಕ್ಕೆ ಹುಟ್ಟಿನಿಂದ ಪರಿಚಿತ. ಬೇರಿನ ಇಳುವರಿಗಾಗಿಯೇ ಲಖನೌದ ಸೀಮ್ಯಾಪ್ ಸಂಸ್ಥೆ ಸಿಮ್-ಶಕ್ತಿ ಎಂಬ ತಳಿಯನ್ನು ಹೊರತಂದಿದೆ. ಎಕರೆಗಟ್ಟಲೆ ಬೆಳೆಯುವವರು ಅದನ್ನು ವಿಚಾರಿಸಲಿ. ನನ್ನ ಮಡಿಗೆ ಬೇಲಿಯ ಬೀಜವೇ ಸಾಕೆನಿಸಿತು. ಈ ನೆಲದ ಬರ ಕಂಡ ಬಳ್ಳಿಗಳ ಮಕ್ಕಳವು, ಕೊಟ್ಟವಳ ಮುಖವೂ ಗೊತ್ತು.

ಹಾಗಾಗಿ ಮಡಿಯನ್ನು ಶತಾವರಿಗೆ ಕೊಟ್ಟೆ. ಎರೆಮಣ್ಣಿನ ಮೇಲೆ ಒಂದು ಅಡಿ ಮಸಾರಿ ಮಣ್ಣು, ತಿಪ್ಪೆಗೊಬ್ಬರ ಬೆರೆಸಿ ಏರಿಸಿ, ಆರಿದ್ರಾ ಮಳೆ ಹಿಡಿದಾಗ 8 ಸಸಿಗಳನ್ನು ಒಂದೂವರೆ ಅಡಿಗೊಂದರಂತೆ ನೆಟ್ಟಿದ್ದೇನೆ. ಗೋಡೆಗೆ ಬಿದಿರು ಕಟ್ಟಿ ಹಬ್ಬಲು ಆಸರೆ ಮಾಡಿದ್ದೇನೆ. ಮುಳ್ಳಿನ ಭಯಕ್ಕೆ ಮಕ್ಕಳು ಆ ಕಡೆ ಸುಳಿಯುವುದಿಲ್ಲ. ಮೇರಿ ವಾಷಿಂಗ್ಟನ್ನಿಗೆ ತೂತು ಕೊರೆದ ಅರ್ಧ ಡ್ರಮ್ಮು ದೊರೆತಿದೆ. ಐದು ಮೊಳಕೆ ಎದ್ದಿವೆ, ಸದ್ಯ ನೂಲಿನಷ್ಟು ದಪ್ಪ. ವಿದ್ಯಾರ್ಥಿ ಅದರ ಚಿತ್ರ ನೋಡಿ, ಇದನ್ನು ತಿನ್ನಲು ಭೂತಗನ್ನಡಿ ಬೇಕೆಂದಿದ್ದಾನೆ.

ತಂಗಿ ಶ್ರಾವಣದ ಮೊದಲ ಸೋಮವಾರ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದಳು. ಮಡಿಯ ಮುಂದೆ ನಿಂತು, "ಇದು ಬೇರು ಕೊಡೂದು ಯಾವಾಗ?" ಎಂದಳು. ಎರಡು ವರ್ಷವೆಂದೆ. "ಹಂಗಾರ ಇವನ ತಮ್ಮಗ ಆತು" ಎಂದಳು. "ಒಂದ ಸಾಕು ದೊಡ್ಡವ್ವ, ಅವ್ವಗ ನೀನಾದ್ರೂ ಹೇಳು" ಎಂದು ಮಗಳು ಒಳಗಿನಿಂದಲೇ ಕೂಗಿದಳು. ಹೋಗುವಾಗ ತಂಗಿ ಎರಡು ಸಸಿಗಳನ್ನು ಕೇಳಿ ಪಡೆದಳು. ಅವಳ ಹಿತ್ತಲು ಒಳ್ಳೆಯ ಮಸಾರಿ ನೆಲ. ನನ್ನ ಸಸಿಗಳಿಗಿಂತ ಅವೇ ಮುಂದೆ ಬಂದಾವು.

ನೆರೆಹೊರೆಗೆ ಹೋದ ನಾಲ್ಕನ್ನು ಕಳೆದು ಇನ್ನೂ 9 ಸಸಿಗಳು ಚೀಲಗಳಲ್ಲಿವೆ. ಗದಗ ಸುತ್ತಮುತ್ತಲಿನ ವಿದ್ಯಾರ್ಥಿಗಳು ಬಂದು ಒಯ್ಯಬಹುದು, ಒಬ್ಬರಿಗೆ ಒಂದರಂತೆ. ನೀರು ನಿಲ್ಲದ ಜಾಗ ನೋಡಿ ಇಟ್ಟುಕೊಳ್ಳಿ, ಮತ್ತು ಬರುವಾಗ ಚೀಲ ಹಿಡಿಯಲು ಒಂದು ಬುಟ್ಟಿ ತನ್ನಿ. ಮುಳ್ಳು ಈಗಲೇ ಚುಚ್ಚತೊಡಗಿದೆ.